ಫ್ರೆಂಚ್ ಭಾಷಿಕ ಜುರಾದ ಅರ್ಧ ಭಾಗ ಬರ್ನ್‌ನಲ್ಲಿಯೇ ಉಳಿದದ್ದೇಕೆ?

ಭೂಪಟಪ್ರಿಯ (ಪ್ರಶ್ನೆ)

ಸ್ವಿಟ್ಜರ್ಲೆಂಡ್‌ನ ವಾಯವ್ಯ ಗಡಿಯಲ್ಲಿರುವ ಜುರಾ ಎಂಬ ಫ್ರೆಂಚ್ ಭಾಷಿಕ ಕ್ಯಾಂಟನ್ (ನಮ್ಮ ರಾಜ್ಯದಂತಹ ಆಡಳಿತ ಘಟಕ), ಜರ್ಮನ್ ಭಾಷಿಕರೇ ಬಹುಸಂಖ್ಯಾತರಾಗಿರುವ ಬರ್ನ್ ಕ್ಯಾಂಟನ್ನಿನಿಂದ 1979ರಲ್ಲಿ ಬೇರ್ಪಟ್ಟಿತೆಂದು ಓದಿದ್ದೇನೆ. ಆದರೆ ಅದಕ್ಕೆ ದಕ್ಷಿಣದಲ್ಲಿ ತಾಗಿಕೊಂಡೇ ಇರುವ ‘ಬರ್ನ್ ಜುರಾ’ ಎಂಬ ಪ್ರದೇಶದ ಜನರೂ ಫ್ರೆಂಚ್ ಮಾತನಾಡುವವರೇ. ಅವರು ಮಾತ್ರ ಬರ್ನ್‌ನಲ್ಲಿಯೇ ಉಳಿದುಕೊಂಡಿದ್ದಾರೆ. ಭಾಷೆಯ ಕಾರಣಕ್ಕೆ ಹೊಸ ಕ್ಯಾಂಟನ್ ಹುಟ್ಟಿತೆನ್ನುವುದಾದರೆ ಇವರು ಹೊರಗುಳಿದದ್ದು ಏಕೆ? ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಕ್ಯಾಂಟನ್ನಿನಲ್ಲಿ ಐವತ್ತು ಸಾವಿರದ ಆಸುಪಾಸಿನಷ್ಟಿರುವ ಈ ಅಲ್ಪಸಂಖ್ಯಾತರ ಆಡಳಿತ ನಡೆಯುವುದು ಹೇಗೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಹಳೆಯ ಕಡತ

ಜುರಾ ಮೂಲತಃ ಬರ್ನ್‌ಗೆ ಸೇರಿದ ಪ್ರದೇಶವಲ್ಲ ಎಂಬಲ್ಲಿಂದ ಆರಂಭಿಸಬೇಕು. ಅದು ಬಾಸೆಲ್‌ನ ಬಿಷಪ್ಪನು ರಾಜನಂತೆಯೇ ಆಳುತ್ತಿದ್ದ ಸಂಸ್ಥಾನ. ಬಾಸೆಲ್ ನಗರವು ಪ್ರಾಟೆಸ್ಟಂಟ್ ಪಂಥದ ಕಡೆಗೆ ವಾಲಿದಾಗ ಬಿಷಪ್ಪನು ತನ್ನ ಪೀಠವನ್ನು ಪೊರಾಂತ್ರುಯಿ ಪಟ್ಟಣಕ್ಕೆ ಸ್ಥಳಾಂತರಿಸಿದನು. ಸಂಸ್ಥಾನದ ಉತ್ತರ ಭಾಗ ಕ್ಯಾಥೊಲಿಕ್ ಆಗಿಯೇ ಮುಂದುವರಿಯಿತು. ದಕ್ಷಿಣದ ಕಣಿವೆಗಳು ಹೆಸರಿಗೆ ಬಿಷಪ್ಪನ ಅಧೀನದಲ್ಲಿದ್ದರೂ ಬರ್ನ್ ಮತ್ತು ಬೀಲ್ ನಗರಗಳೊಂದಿಗೆ ಮೊದಲಿನಿಂದಲೂ ಒಪ್ಪಂದಗಳನ್ನು ಮಾಡಿಕೊಂಡಿದ್ದವು, ಆ ನಗರಗಳ ಪ್ರಭಾವದಿಂದಲೇ ಪ್ರಾಟೆಸ್ಟಂಟ್ ಆದವು. ಫ್ರೆಂಚ್ ಕ್ರಾಂತಿಯ ನಂತರ, 1793ರಲ್ಲಿ, ಉತ್ತರ ಭಾಗವನ್ನು ಫ್ರಾನ್ಸ್ ತನ್ನದಾಗಿಸಿಕೊಂಡಿತು; ಕೆಲ ವರ್ಷಗಳಲ್ಲಿ ದಕ್ಷಿಣವೂ ಅದರ ಪಾಲಾಯಿತು. ನೆಪೋಲಿಯನ್ ಸೋತ ಮೇಲೆ, 1815ರ ವಿಯೆನ್ನಾ ಸಮಾವೇಶವು ಈ ಇಡೀ ಪ್ರದೇಶವನ್ನು ಬರ್ನ್‌ಗೆ ಒಪ್ಪಿಸಿತು. ಬರ್ನ್ ಕಳೆದುಕೊಂಡಿದ್ದ ವೋ ಮತ್ತು ಆರ್ಗೌ ಪ್ರದೇಶಗಳಿಗೆ ಇದು ಪರಿಹಾರವಾಗಿತ್ತೇ ಹೊರತು ಜುರಾದ ಜನರನ್ನು ಯಾರೂ ಕೇಳಿರಲಿಲ್ಲ.

ಅಸಮಾಧಾನ ಆಗಾಗ ಹೊಗೆಯಾಡುತ್ತಲೇ ಇತ್ತು. 1870ರ ದಶಕದಲ್ಲಿ ಬರ್ನ್ ಸರ್ಕಾರವು ಕ್ಯಾಥೊಲಿಕ್ ಪಾದ್ರಿಗಳ ಮೇಲೆ ಕೈಗೊಂಡ ಕಠಿಣ ಕ್ರಮಗಳು ಉತ್ತರದವರ ಮನಸ್ಸನ್ನು ಇನ್ನಷ್ಟು ಮುರಿದವು. ಆದರೆ ಅದು ಸಂಘಟಿತ ಚಳವಳಿಯಾದದ್ದು 1947ರಲ್ಲಿ. ಕ್ಯಾಂಟನ್ ಸರ್ಕಾರದ ಸದಸ್ಯರಾಗಿದ್ದ ಜುರಾದ ಜಾರ್ಜ್ ಮೋಕ್ಲಿ ಅವರಿಗೆ ಲೋಕೋಪಯೋಗಿ ಖಾತೆ ಸಿಗಬೇಕಾಗಿತ್ತು. ಅಷ್ಟು ಮಹತ್ವದ ಖಾತೆಯನ್ನು ಫ್ರೆಂಚ್ ಭಾಷಿಕನಿಗೆ ಕೊಡಲಾಗದೆಂದು ಶಾಸನಸಭೆ ನಿರಾಕರಿಸಿತು. ನನ್ನ ದೃಷ್ಟಿಯಲ್ಲಿ ಬರ್ನ್ ಮಾಡಿದ ಅತಿ ದುಬಾರಿಯಾದ ತಪ್ಪು ಇದೇ. 1950ರಲ್ಲಿ ಸಂವಿಧಾನವನ್ನು ತಿದ್ದಿ ‘ಜುರಾದ ಜನತೆ’ಯನ್ನು ಮಾನ್ಯ ಮಾಡಿದರೂ ರೊಲಾಂ ಬೆಗ್ಲೆನ್ ಮುಂತಾದವರು ಮುನ್ನಡೆಸಿದ ಪ್ರತ್ಯೇಕತಾ ಚಳವಳಿ ತಣ್ಣಗಾಗಲಿಲ್ಲ.

ಕೊನೆಗೆ 1970ರಲ್ಲಿ ಹಂತಹಂತವಾದ ಜನಮತಗಣನೆಗೆ ದಾರಿ ತೆರೆಯಲಾಯಿತು. ಮೊದಲು ಇಡೀ ಜುರಾ ತೀರ್ಮಾನಿಸಬೇಕು, ಆಮೇಲೆ ಆ ತೀರ್ಮಾನವನ್ನು ಒಪ್ಪದ ಜಿಲ್ಲೆಗಳು ಪ್ರತ್ಯೇಕವಾಗಿ ಮತ ಹಾಕಬಹುದು, ಅನಂತರ ಹೊಸ ಗಡಿಯ ಮೇಲಿನ ಊರುಗಳಿಗೂ ಅದೇ ಅವಕಾಶ. 1974ರ ಜೂನ್ 23ರಂದು 36,802 ಮತಗಳು ಹೊಸ ಕ್ಯಾಂಟನ್ನಿನ ಪರವಾಗಿಯೂ 34,057 ಮತಗಳು ವಿರುದ್ಧವಾಗಿಯೂ ಬಿದ್ದವು. ಮರುವರ್ಷದ ಮಾರ್ಚ್‌ನಲ್ಲಿ ಕೂರ್ತಲಾರಿ, ಮೂತಿಯೆ, ಲಾ ನವ್ವಿಲ್ ಎಂಬ ದಕ್ಷಿಣದ ಮೂರು ಜಿಲ್ಲೆಗಳು ಬರ್ನ್‌ನಲ್ಲಿಯೇ ಉಳಿಯಲು ತೀರ್ಮಾನಿಸಿದವು. ಒಂದು ಕಾಲದ ಬಿಷಪ್ಪನ ಸಂಸ್ಥಾನದೊಳಗೆ ಇದ್ದ ಪಂಥದ ಗೆರೆಯೇ ಬಹುಮಟ್ಟಿಗೆ ಕ್ಯಾಂಟನ್‌ಗಳ ಗಡಿಯಾಯಿತು. 1978ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶದ ಮತದಾರರು ಒಪ್ಪಿಗೆ ಕೊಟ್ಟರು. 1979ರ ಜನವರಿ 1ರಂದು ದೆಲೆಮೋಂ ರಾಜಧಾನಿಯಾಗಿ ಜುರಾ ಕ್ಯಾಂಟನ್ ಅಸ್ತಿತ್ವಕ್ಕೆ ಬಂದಿತು.

ಗಡಿನಾಡಿಗ

ಮೇಲಿನ ಉತ್ತರ ಉಪಯುಕ್ತವಾಗಿದೆ, ಆದರೆ ಎಲ್ಲವನ್ನೂ ಪಂಥದ ಮೇಲೆ ಹಾಕುವುದನ್ನು ನಾನು ಒಪ್ಪಲಾರೆ. ಲೌಫೆನ್ ಜಿಲ್ಲೆಯವರು ಕ್ಯಾಥೊಲಿಕರು. ಆದರೂ ಜರ್ಮನ್ ಭಾಷಿಕರಾದ ಅವರು 1974ರಲ್ಲಿ ಹೊಸ ಕ್ಯಾಂಟನ್ನನ್ನು ತಿರಸ್ಕರಿಸಿ, 1994ರಲ್ಲಿ ಬಾಸೆಲ್-ಗ್ರಾಮಾಂತರ ಕ್ಯಾಂಟನ್ನಿಗೆ ಹೋಗಿ ಸೇರಿಕೊಂಡರು. ಅಲ್ಲಿ ಭಾಷೆಯೇ ಗೆದ್ದಿತು. ಮೂತಿಯೆ ಪಟ್ಟಣದ ಪರಂಪರೆ ಪ್ರಾಟೆಸ್ಟಂಟ್, ಆದರೂ ಅದು ಪ್ರತ್ಯೇಕತಾವಾದಿಗಳ ಭದ್ರ ನೆಲೆಯಾಯಿತು. ಸೇಂತ್ ಇಮಿಯೆಯಂತಹ ಗಡಿಯಾರ ಉದ್ಯಮದ ಕಣಿವೆಗಳಿಗೆ ಜರ್ಮನ್ ಭಾಷಿಕ ಬರ್ನ್‌ನಿಂದ ಕೆಲಸ ಹುಡುಕಿ ಬಂದ ಕುಟುಂಬಗಳು ತಲೆಮಾರು ಕಳೆದಂತೆ ಫ್ರೆಂಚ್ ಮಾತನಾಡತೊಡಗಿದರೂ ಬರ್ನ್‌ನ ನಂಟನ್ನು ಬಿಡಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ಆಡಳಿತದ ವಿಷಯ. ಬರ್ನ್‌ನ ಏಳು ಜನರ ಸರ್ಕಾರದಲ್ಲಿ ಒಂದು ಸ್ಥಾನ ಬರ್ನ್ ಜುರಾದ ಫ್ರೆಂಚ್ ಭಾಷಿಕರಿಗೆ ಮೀಸಲು. ಆ ಸ್ಥಾನವನ್ನು ತುಂಬುವ ಕ್ರಮ ಬೇರೆಲ್ಲೂ ಸುಲಭವಾಗಿ ಕಾಣಸಿಗದಂಥದ್ದು. ಅಭ್ಯರ್ಥಿಯು ಇಡೀ ಕ್ಯಾಂಟನ್ನಿನಲ್ಲಿ ಪಡೆದ ಮತಗಳನ್ನು ಬರ್ನ್ ಜುರಾದಲ್ಲಿ ಪಡೆದ ಮತಗಳಿಂದ ಗುಣಿಸಿ, ಗುಣಲಬ್ಧದ ವರ್ಗಮೂಲವನ್ನು ತೆಗೆಯುತ್ತಾರೆ. ಅಂದರೆ ಎರಡೂ ಸಂಖ್ಯೆಗಳ ಗುಣೋತ್ತರ ಸರಾಸರಿ ಹೆಚ್ಚಿರುವವರು ಗೆಲ್ಲುತ್ತಾರೆ. ಜರ್ಮನ್ ಭಾಷಿಕ ಬಹುಸಂಖ್ಯಾತರು ತಮಗೆ ಬೇಕಾದ ಫ್ರೆಂಚ್ ಭಾಷಿಕನನ್ನು ಅಲ್ಪಸಂಖ್ಯಾತರ ಮೇಲೆ ಹೇರಬಾರದೆಂಬುದೇ ಇದರ ಉದ್ದೇಶ. 2016ರಲ್ಲಿ ಒಟ್ಟು ಮತಗಳಲ್ಲಿ ಹಿಂದಿದ್ದ ಪಿಯರ್ ಅಲೇನ್ ಶ್ನೆಗ್, ಬರ್ನ್ ಜುರಾದಲ್ಲಿ ಬಹಳ ಮುಂದಿದ್ದುದರಿಂದ ಈ ಲೆಕ್ಕದ ಮೇಲೆಯೇ ಗೆದ್ದರು. ಆಗ ಟೀಕೆಗಳು ಬಂದವು, ಆದರೆ ನಿಯಮವನ್ನು ರೂಪಿಸಿದ್ದೇ ಅಂತಹ ಸಂದರ್ಭಕ್ಕಾಗಿ.

ಇದಲ್ಲದೆ 2006ರಿಂದ ಬರ್ನ್ ಜುರಾಕ್ಕೆ ಜನರಿಂದಲೇ ಚುನಾಯಿತವಾಗುವ 24 ಸದಸ್ಯರ ಮಂಡಳಿಯೊಂದಿದೆ. ಅದಕ್ಕೆ ಕಾನೂನು ಮಾಡುವ ಅಧಿಕಾರವಿಲ್ಲ. ಸಂಸ್ಕೃತಿಗೆ ಸಂಬಂಧಿಸಿದ ಅನುದಾನಗಳನ್ನೂ ಲಾಟರಿ ನಿಧಿಯ ಹಣವನ್ನೂ ಆ ಪ್ರದೇಶದೊಳಗೆ ಹಂಚುವುದು ಅದರ ಕೈಯಲ್ಲಿದೆ. ಫ್ರೆಂಚ್ ಭಾಷಿಕರಿಗೆ ಸಂಬಂಧಿಸಿದ ವಿಷಯಗಳಲ್ಲಿ ಕ್ಯಾಂಟನ್ ಸರ್ಕಾರ ಅದರ ಅಭಿಪ್ರಾಯವನ್ನು ಕೇಳಬೇಕಾಗುತ್ತದೆ. ಪ್ರದೇಶದ ಅಧಿಕೃತ ಭಾಷೆ ಫ್ರೆಂಚ್ ಮಾತ್ರ. ಪಕ್ಕದ ಬೀಲ್ ನಗರದಲ್ಲಿ ಎರಡೂ ಭಾಷೆಗಳು ಅಧಿಕೃತವಾಗಿವೆ, ಅಲ್ಲಿನ ಫ್ರೆಂಚ್ ಭಾಷಿಕರಿಗೆ ಬೇರೆಯೇ ಮಂಡಳಿಯಿದೆ.

ಭೂಪಟಪ್ರಿಯ

ಇಬ್ಬರಿಗೂ ಧನ್ಯವಾದಗಳು. ಮೂತಿಯೆಯನ್ನು ಪ್ರತ್ಯೇಕತಾವಾದಿಗಳ ನೆಲೆಯೆಂದು ಹೇಳಿದ್ದೀರಿ. ಆದರೆ 1975ರಲ್ಲಿ ಅದು ಬರ್ನ್‌ನಲ್ಲಿಯೇ ಉಳಿದಿತ್ತಲ್ಲವೇ? ಮುಂದೆ ಏನಾಯಿತು?

ಹಳೆಯ ಕಡತ

ಹೌದು, ಅಲ್ಪ ಅಂತರದಿಂದ ಉಳಿದಿತ್ತು. ಆ ದಿನಗಳಲ್ಲಿ ಪಟ್ಟಣದ ಬೀದಿಗಳಲ್ಲಿ ಘರ್ಷಣೆಗಳೂ ನಡೆದವು. 1996ರಲ್ಲಿ ವೆಲ್‌ರಾ ಎಂಬ ಪುಟ್ಟ ಊರೊಂದು ಜುರಾಕ್ಕೆ ಸೇರಿತು. 2013ರ ನವೆಂಬರ್‌ನಲ್ಲಿ ಎರಡೂ ಭಾಗಗಳನ್ನು ಒಂದುಗೂಡಿಸುವ ಪ್ರಕ್ರಿಯೆಗೆ ಜುರಾ ಕ್ಯಾಂಟನ್ ಒಪ್ಪಿದರೂ ಬರ್ನ್ ಜುರಾದ ಸುಮಾರು ಶೇ. 72ರಷ್ಟು ಮತದಾರರು ಬೇಡವೆಂದರು. ಮೂತಿಯೆ ಮಾತ್ರ ಬೇಕೆಂದಿತು, ಹಾಗಾಗಿ ಅದಕ್ಕೆ ಪ್ರತ್ಯೇಕ ಅವಕಾಶ ಕೊಡಲಾಯಿತು.

2017ರ ಜೂನ್‌ನಲ್ಲಿ 137 ಮತಗಳ ಅಂತರದಿಂದ ಜುರಾ ಪರ ಫಲಿತಾಂಶ ಬಂದಿತು. ಮತದಾರರ ಪಟ್ಟಿಯಲ್ಲಿನ ಲೋಪಗಳು ಹಾಗೂ ಪುರಸಭೆಯ ಪ್ರಚಾರದ ರೀತಿ ಆಕ್ಷೇಪಕ್ಕೆ ಒಳಗಾಗಿ, ಆ ಮತದಾನವನ್ನು ಮರುವರ್ಷ ರದ್ದುಗೊಳಿಸಲಾಯಿತು. ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಎರಡನೆಯ ಮತದಾನ ಕಟ್ಟುನಿಟ್ಟಿನ ನಿಗಾದಲ್ಲಿ 2021ರ ಮಾರ್ಚ್ 28ರಂದು ನಡೆಯಿತು, ಸುಮಾರು ಶೇ. 55ರಷ್ಟು ಜನ ಮತ್ತೆ ಜುರಾವನ್ನೇ ಆರಿಸಿದರು. ಎರಡು ಕ್ಯಾಂಟನ್‌ಗಳ ನಡುವಿನ ಒಪ್ಪಂದವನ್ನು 2024ರ ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯ ಮತದಾರರು ಅನುಮೋದಿಸಿದರು. ಅದರಂತೆ ವರ್ಗಾವಣೆಯ ದಿನಾಂಕ 2026ರ ಜನವರಿ 1 ಎಂದು ನಿಗದಿಯಾಯಿತು. ಏಳು ಸಾವಿರದಷ್ಟು ಜನರಿರುವ ಮೂತಿಯೆ ಬರ್ನ್ ಜುರಾದ ಅತಿ ದೊಡ್ಡ ಪಟ್ಟಣವಾಗಿತ್ತು. ಹೀಗಾಗಿ ಅಲ್ಲಿದ್ದ ಬರ್ನ್ ಆಡಳಿತದ ಕಚೇರಿಗಳಿಗೆ ಉಳಿದ ಕಣಿವೆಗಳ ಊರುಗಳಲ್ಲಿ ಹೊಸ ಜಾಗ ಹುಡುಕಬೇಕಾಯಿತು.