ಹದಿನೆಂಟು ಕರೆಂಟ್ ಆತು, ಅಪ್ಪ ಇನ್ನ ಸಾಕು ಅಂತಾನ್ರಿ

ನಿರ್ವಾಹಕರು: ಈ ಭಾನುವಾರ ಕ್ಯಾನ್ಸರಿನ ರೇಡಿಯೇಷನ್ (ಜನ ಕರೆಂಟ್ ಅನ್ನುವುದು) ಬಗ್ಗೆ ಮಾತ್ರ. ಉತ್ತರ ಕೊಡುವವರು ಹಲವು ವರ್ಷಗಳಿಂದ ಇದೇ ಕೆಲಸದಲ್ಲಿರುವ ವೈದ್ಯೆ. ಯಾರೂ ಹೆಸರು ಹಾಕುವುದು ಬೇಡ, ಊರು ಸಾಕು. ರಿಪೋರ್ಟಿನ ಫೋಟೊ ದಯವಿಟ್ಟು ಬೇಡ, ಅದರಲ್ಲಿ ಎಲ್ಲರ ವಿಳಾಸವೂ ಇರುತ್ತೆ.

ಹಾವೇರಿ: ನಮಸ್ಕಾರ್ರಿ ಮೇಡಂ. ನಮ್ಮಪ್ಪಗ 58 ವರ್ಷ. ಗಲ್ಲದ ಒಳಗ ಕ್ಯಾನ್ಸರ್ ಆಗಿ ಆಪರೇಷನ್ ಮಾಡ್ಯಾರ. ಈಗ ಹುಬ್ಬಳ್ಳ್ಯಾಗ ಕರೆಂಟ್ ನಡದೈತಿ. 30 ಹೇಳ್ಯಾರ, 18 ಮುಗದಾವು. ಬಾಯಿ ಪೂರಾ ಹುಣ್ಣಾಗಿ ನೀರು ಸೈತ ಇಳಿವಲ್ದು. ದಿನಾ ಬಸ್ಸಿನ್ಯಾಗ ಹೋಗಿ ಬರೂದು. ನಿನ್ನೆ ರಾತ್ರಿ, "ಗಂಟು ತಗದ ಮ್ಯಾಲೆ ಇದೆಲ್ಲ ಯಾಕ, ಇನ್ನ ಸಾಕು, ಒಂದು ಹತ್ತು ದಿನ ಬಿಟ್ಟು ಹುಣ್ಣು ಮಾಯ್ದ ಮ್ಯಾಲೆ ನೋಡೂಣು" ಅಂದ. ಅವನ ಮಾರಿ ನೋಡಿದ್ರ ನನಗೂ ಹೌದು ಅನಸಾಕತ್ತೈತಿ. ಬಿಟ್ಟರ ನಡಿತೈತೇನ್ರಿ?

ವೈದ್ಯೆ: ನಡೆಯಲ್ಲ ತಂಗಿ. ನಾಳೆ ಸೋಮವಾರ ಹತ್ತೊಂಬತ್ತನೆಯದಕ್ಕೆ ಹೋಗಲೇಬೇಕು. ಹಾಗಂತ ಈಗಿರುವ ನೋವಿನಲ್ಲೇ ಹಲ್ಲು ಕಚ್ಚಿಕೊಂಡು ಹೋಗಲಿ ಅಂತ ನಾನು ಹೇಳುತ್ತಿಲ್ಲ. ನೀರು ಇಳಿಯದವರಿಗೆ ಮಾಡಬೇಕಾದ್ದು ಬೇಕಾದಷ್ಟಿದೆ, ಅದನ್ನು ನಾಳೆ ಅಲ್ಲಿ ಕೇಳಿ ಮಾಡಿಸಿಕೊಳ್ಳಬೇಕು.

ಮೊದಲು ಹುಣ್ಣಿನ ವಿಷಯ. ದಿನಕ್ಕೆ 2 ಗ್ರೇ ಲೆಕ್ಕದಲ್ಲಿ ಹದಿನೆಂಟಕ್ಕೆ 36 ಗ್ರೇ ಆಗಿರುತ್ತೆ. (ಹಾಲಿಗೆ ಲೀಟರ್ ಇದ್ದ ಹಾಗೆ ವಿಕಿರಣಕ್ಕೆ ಗ್ರೇ.) ಬಾಯಿಯ ಒಳಪದರ ಎರಡನೇ ವಾರದ ಕೊನೆಗೆ ಕೆಂಪಾಗಿ, ಮೂರು-ನಾಲ್ಕನೇ ವಾರಕ್ಕೆ ಸುಲಿಯುತ್ತೆ. ನಿಮ್ಮಪ್ಪ ಸರಿಯಾಗಿ ಅಲ್ಲೇ ಇದ್ದಾರೆ. ಯಾರೋ ಜಾಸ್ತಿ ಕೊಟ್ಟು ಸುಟ್ಟಿದ್ದಾರೆ ಅಂದುಕೊಳ್ಳಬೇಡಿ. ಇನ್ನೊಂದು ಮಾತು ಈಗಲೇ ಹೇಳಿಬಿಡಿ ಅವರಿಗೆ: ಮೂವತ್ತು ಮುಗಿದ ಮೇಲೂ ಎರಡು ವಾರ ಹೀಗೇ ಇರುತ್ತೆ, ಆಮೇಲೆ ಮಾಯುತ್ತೆ. ಕೊನೆಯ ದಿನದ ಮಾರನೇ ಬೆಳಿಗ್ಗೆ ರೊಟ್ಟಿ ಮುರಿಯಬಹುದು ಅಂದುಕೊಂಡವರು ತುಂಬಾ ಕುಗ್ಗಿ ಹೋಗುತ್ತಾರೆ.

ಈಗ ಬಿಟ್ಟರೆ ಏನಾಗುತ್ತೆ? ಹೊಲದಲ್ಲಿ ಕರಕಿ ಕಿತ್ತವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನದನ್ನು ಸರ್ಜನ್ ತೆಗೆದಿದ್ದಾರೆ. ಕಣ್ಣಿಗೆ ಕಾಣದ ಬೇರಿಗೆ ಈ ಕರೆಂಟ್. ಚಿಕಿತ್ಸೆ ಶುರುವಾಗಿ ನಾಲ್ಕು ವಾರದ ಹೊತ್ತಿಗೆ ಉಳಿದ ಕ್ಯಾನ್ಸರ್ ಕಣಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನಾವು ಹತ್ತು ದಿನ ರಜೆ ಕೊಟ್ಟರೆ? ತಲೆ-ಕುತ್ತಿಗೆಯ ಕ್ಯಾನ್ಸರಿನಲ್ಲಿ ಒಂದು ದಿನ ತಡವಾದರೆ ರೋಗದ ಹತೋಟಿ ಸುಮಾರು ಶೇ 1ರಷ್ಟು ತಗ್ಗುತ್ತೆ ಅನ್ನುವುದು ನಮ್ಮ ಕ್ಷೇತ್ರದ ಹಳೆಯ ಲೆಕ್ಕ. ಹತ್ತು ದಿನಕ್ಕೆ ಎಷ್ಟು ಅಂತ ಅಪ್ಪನೇ ಲೆಕ್ಕ ಹಾಕಲಿ. ಶನಿವಾರ-ಭಾನುವಾರದ ಬಿಡುವು ಈ ಲೆಕ್ಕದಲ್ಲಿ ಸೇರಿಲ್ಲ, ಅದನ್ನು ಮೊದಲೇ ಹಿಡಿದು ಯೋಜನೆ ಮಾಡಿರುತ್ತಾರೆ. ಮಷೀನ್ ಕೆಟ್ಟೋ ಹಬ್ಬಕ್ಕೋ ಒಂದು ದಿನ ತಪ್ಪಿದರೆ ಶನಿವಾರ ಕೊಡುತ್ತಾರೆ, ಇಲ್ಲವೇ ಒಂದೇ ದಿನ ಆರು ಗಂಟೆಯ ಅಂತರದಲ್ಲಿ ಎರಡು ಕೊಡುತ್ತಾರೆ. ಅದನ್ನು ನೀವೇ ಬಾಯಿಬಿಟ್ಟು ಕೇಳಬಹುದು.

ನಾಳೆ ಮಷೀನ್ ಹತ್ತಿರ ಹೋಗುವ ಮೊದಲು ಡಾಕ್ಟರನ್ನು ಕಾಣಿ. ನೋವಿಗೆ ಬರೀ ಪ್ಯಾರಾಸಿಟಮಾಲ್ ಕೊಟ್ಟಿದ್ದರೆ ಈ ಹಂತಕ್ಕೆ ಅದು ಸಾಲದು. ಟ್ರಮಡಾಲ್ ಇದೆ, ಬೇಕಾದರೆ ಮಾರ್ಫಿನ್ ಇದೆ. ಮಾರ್ಫಿನ್ ಅಂದ ತಕ್ಷಣ ಮನೆಯವರು ಹೆದರುತ್ತಾರೆ. ನೋವಿಗೆ ಅಂತ ಡಾಕ್ಟರು ಅಳೆದು ಕೊಟ್ಟ ಮಾರ್ಫಿನ್‌ನಿಂದ ಯಾರೂ ವ್ಯಸನಿಗಳಾಗಿ ಮನೆ ಹಾಳು ಮಾಡಿದ್ದನ್ನು ನಾನು ಕಂಡಿಲ್ಲ. ಮಲಬದ್ಧತೆ ಮಾತ್ರ ಖಂಡಿತ ಆಗುತ್ತೆ, ಅದಕ್ಕೂ ಔಷಧಿ ಜೊತೆಗೇ ಬರೆಸಿಕೊಳ್ಳಿ. ಊಟಕ್ಕೆ ಹತ್ತು ನಿಮಿಷ ಮೊದಲು ಬಾಯಲ್ಲಿ ಇಟ್ಟುಕೊಳ್ಳುವ ಮರಗಟ್ಟಿಸುವ ಜೆಲ್ ಸಿಗುತ್ತೆ. ಬಾಯಲ್ಲಿ ಮೊಸರಿನ ಕೆನೆಯಂಥ ಬಿಳಿ ಪದರ ಇದೆಯಾ ನೋಡಿ. ಇದ್ದರೆ ಅದು ಫಂಗಸ್ ಆಗಿರಬಹುದು. ಅದರ ಮಾತ್ರೆ ಬಿದ್ದರೆ ನಾಲ್ಕೈದು ದಿನದಲ್ಲಿ ಅರ್ಧ ನೋವು ಇಳಿದವರಿದ್ದಾರೆ. ಮನೆಯಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಅದರಲ್ಲಿ ದಿನಕ್ಕೆ ಆರೆಂಟು ಸಲ ಬಾಯಿ ಮುಕ್ಕಳಿಸಲಿ. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ.

ತೂಕ ಎಷ್ಟು ಇಳಿದಿದೆ?

ಹಾವೇರಿ: 61 ಇದ್ದಂವ ಈಗ 55ರೀ. ಮಾರಿ ಮ್ಯಾಲಿನ ಮಾಸ್ಕ್ ಮೊದಲ ಬಿಗಿ ಆಗ್ತಿತ್ತು, ಈಗ ಸಡ್ಲ ಆಗೇತಿ ಅಂತಾನ. ಮೂಗಿನ್ಯಾಗ ಪೈಪ್ ಹಾಕ್ತೀವಿ ಅಂತ ನರ್ಸ್ ಅಂದಿದ್ರು, ಅಪ್ಪ ಒಲ್ಲೆ ಅಂದ. ಪೈಪ್ ಹಾಕಿದ್ರ ಮುಗೀತು ಅಂತ ಊರಾಗ ಎಲ್ಲಾರೂ ಅಂತಾರ್ರಿ.

ವೈದ್ಯೆ: ಆರು ಕೆಜಿ! ಈ ಮಾತನ್ನು ಮೊದಲೇ ಹೇಳಬೇಕಿತ್ತು ನೀವು. ಮಾಸ್ಕ್ ಸಡಿಲವಾಗಿದೆ ಅಂತ ನಾಳೆ ಟೆಕ್ನಿಷಿಯನ್‌ಗೆ ಕಡ್ಡಾಯವಾಗಿ ಹೇಳಿ. ಆ ಮಾಸ್ಕ್ ಇರುವುದೇ ತಲೆ ದಿನಾ ಅದೇ ಜಾಗದಲ್ಲಿ, ಕೆಲವೇ ಮಿಲಿಮೀಟರ್ ವ್ಯತ್ಯಾಸದೊಳಗೆ ನಿಲ್ಲಲಿ ಅಂತ. ಮುಖ ಇಳಿದು ಒಳಗೆ ತಲೆ ಅಲ್ಲಾಡಿದರೆ ಕಿರಣ ಬೀಳುವ ಜಾಗ ತಪ್ಪುತ್ತೆ. ಬೇಕಾದರೆ ಹೊಸ ಮಾಸ್ಕ್ ಮಾಡಿ ಮತ್ತೆ ಸ್ಕ್ಯಾನ್ ತೆಗೆಯುತ್ತಾರೆ.

ಪೈಪ್ ಹಾಕಿದರೆ ಮುಗೀತು ಅನ್ನುವವರು ಐಸಿಯುನಲ್ಲಿ ಮಲಗಿದ್ದ ಯಾರದೋ ಮೂಗಿನಲ್ಲಿ ಪೈಪ್ ನೋಡಿರುತ್ತಾರೆ. ನಮ್ಮಲ್ಲಿ ಪೈಪ್ ಹಾಕಿಸಿಕೊಂಡು ಅವರೇ ನಡೆದು ಬಂದು, ಕರೆಂಟ್ ತಗೊಂಡು, ಸಂಜೆ ದನಕ್ಕೆ ಮೇವು ಹಾಕುವವರಿದ್ದಾರೆ. ಹಾಕುವಾಗ ಒಂದೆರಡು ನಿಮಿಷ ಕಸಿವಿಸಿ, ಓಕರಿಕೆ. ಬಾಯಿ ಮಾಯ್ದ ಮೇಲೆ ತೆಗೆಯುತ್ತಾರೆ. ರಾಗಿ ಅಂಬಲಿ, ಬೇಳೆಕಟ್ಟು, ಹಾಲು, ಹಸಿಮೊಟ್ಟೆ ಬಿಟ್ಟು ಬೇಯಿಸಿದ ಮೊಟ್ಟೆ ರುಬ್ಬಿ ಸೋಸಿದ್ದು, ಎಲ್ಲ ಹೋಗುತ್ತೆ. ಕೂರಿಸಿಯೇ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆ ಮಲಗಿಸಬಾರದು, ಪ್ರತಿ ಸಲ ನೀರು ಬಿಟ್ಟು ಪೈಪ್ ತೊಳೆಯಬೇಕು.

ಗದಗ: ತಂಗಿ, ಬಸ್ ಬಿಟ್ಟು ರೈಲಿಗೆ ಹೋಗ್ರಿ. ಕ್ಯಾನ್ಸರ್ ಪೇಷಂಟಿಗೆ ಸ್ಲೀಪರ್‌ನ್ಯಾಗ, ಥರ್ಡ್ ಎಸಿಯೊಳಗ ಟಿಕೀಟು ಪೂರಾ ಮಾಫ್, ಜೋಡಿ ಹೋಗಾವ್ರಿಗೆ ಶೇ 75. ಆಸ್ಪತ್ರ್ಯಾಗ ರೈಲ್ವೆ ಫಾರ್ಮ್ ಕೇಳ್ರಿ, ಡಾಕ್ಟರ್ ಸಹಿ ಮಾಡಿ ಸಿಕ್ಕಾ ಹಾಕ್ತಾರ. ನಾನು ನಮ್ಮವ್ವನ್ನ ಕರಕೊಂಡು ಎರಡು ತಿಂಗಳು ಹಂಗ ಅಡ್ಡಾಡೀನಿ.

ದಾವಣಗೆರೆ: ನಾನೂ ಬಾಯಿಗೆ ಕರೆಂಟ್ ತಗೊಂಡವನು, 33 ಆಗಿತ್ತು. ಮೂರು ವರ್ಷ ಆಯ್ತು. ರುಚಿ ಬರೋಕೆ ಐದು ತಿಂಗಳು ಹಿಡೀತು, ಮೊದಲು ಬಂದಿದ್ದು ಸಿಹಿ. ಬಾಯಿ ಒಣಗೋದು ಇವತ್ತಿಗೂ ಇದೆ, ಬಾಟ್ಲಿ ಇಲ್ದೆ ಮನೆ ಬಿಡಲ್ಲ. ನಾನು ಹೇಳಬೇಕಂದಿದ್ದು ಹಲ್ಲಿನ ವಿಷಯ. ಹೋದ ವರ್ಷ ದವಡೆ ಹಲ್ಲು ನೋವು ಅಂತ ಊರಿನ ಒಂದು ಕ್ಲಿನಿಕ್ಕಲ್ಲಿ ಕೀಳಿಸಿದೆ. ರೇಡಿಯೇಷನ್ ಆಗಿತ್ತು ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಆ ಗಾಯ ಮಾಯಲೇ ಇಲ್ಲ. ಆರು ತಿಂಗಳು ದವಡೆ ಮೂಳೆ ಹೊರಗೆ ಕಾಣ್ತಿತ್ತು.

ವೈದ್ಯೆ: ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಕಿರಣ ಬಿದ್ದ ದವಡೆಗೆ ರಕ್ತ ಸಂಚಾರ ಕಡಿಮೆಯಾಗಿರುತ್ತೆ, ಹಾಗಾಗಿ ಹಲ್ಲು ಕಿತ್ತ ಗುಳಿ ಮುಚ್ಚುವುದಿಲ್ಲ. ಐದಲ್ಲ, ಹತ್ತು ವರ್ಷ ಆಗಿದ್ದರೂ ಈ ಅಪಾಯ ಹೋಗುವುದಿಲ್ಲ. ಅದಕ್ಕೇ ಕರೆಂಟ್ ಶುರು ಮಾಡುವ ಮೊದಲೇ ಹಾಳಾದ ಹಲ್ಲು ಕೀಳಿಸಿ, ಎರಡು ವಾರ ಮಾಯಲು ಬಿಟ್ಟು ಆಮೇಲೆ ಶುರು ಮಾಡುವುದು. "ಬಾಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಯಾಕೆ ಕಳಿಸ್ತೀರಿ" ಅಂತ ಬೈಯುವವರು ಈ ಮೇಲಿನದನ್ನು ಎರಡು ಸಲ ಓದಿ.

ಮಂಗಳೂರು: ಮೇಡಂ, ನನಗೆ ಎಡ ಸ್ತನದ ಆಪರೇಷನ್ ಆಗಿದೆ. ನನ್ನ ಅತ್ತಿಗೆಗೆ ಹಿಂದೆ 25 ಕೊಟ್ಟಿದ್ರು, ನನಗೆ 15 ಸಾಕು ಅಂತ ಹೇಳಿದ್ದಾರೆ. ನಂದು ಆಯುಷ್ಮಾನ್ ಕಾರ್ಡಿನಲ್ಲಿ ಆಗುವುದು. ಕಾರ್ಡ್ ಅಂತ ಹೇಳಿ ಕಮ್ಮಿ ಮಾಡಿದ್ದಾ?

ವೈದ್ಯೆ: ಇಲ್ಲ, ನಿಮ್ಮ ಅತ್ತಿಗೆಗೆ ಇನ್ನೂ ಹತ್ತು ದಿನ ಹೆಚ್ಚು ಓಡಾಟ ಆಯಿತು ಅಷ್ಟೇ. ಅವರಿಗೆ ದಿನಕ್ಕೆ 2ರಂತೆ 50 ಗ್ರೇ, ನಿಮಗೆ ದಿನಕ್ಕೆ 2.67ರಂತೆ 40 ಗ್ರೇ. ಬ್ರಿಟನ್ನಿನಲ್ಲಿ ಸ್ತನ ಕ್ಯಾನ್ಸರಿನವರ ಮೇಲೆ ನಡೆದ ಸ್ಟಾರ್ಟ್ ಅನ್ನುವ ಪ್ರಯೋಗದಲ್ಲಿ ಇವೆರಡನ್ನೂ ಹೋಲಿಸಿ ಹತ್ತು ವರ್ಷದ ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ರೋಗ ತಡೆಯುವುದರಲ್ಲಿ 15 ಏನೂ ಹಿಂದೆ ಬೀಳಲಿಲ್ಲ, ಸ್ತನ ಗಟ್ಟಿಯಾಗುವಂಥ ತೊಂದರೆ ಇನ್ನೂ ಕಡಿಮೆಯೇ ಇತ್ತು. ಈಗ ಆಯ್ದ ಕೆಲವರಿಗೆ ಐದೇ ದಿನದಲ್ಲಿ ಮುಗಿಸುವುದೂ ಇದೆ. ಎಡಗಡೆ ಆದ್ದರಿಂದ ಉಸಿರು ಎಳೆದು ಹಿಡಿಯಲು ಹೇಳಬಹುದು. ಶ್ವಾಸಕೋಶ ಉಬ್ಬಿದಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತೆ. ಇಪ್ಪತ್ತು ಸೆಕೆಂಡ್ ಹಿಡಿಯುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಿ. ಆ ಜಾಗಕ್ಕೆ ಅರಿಸಿನ, ಗಂಧ, ಪೌಡರ್ ಏನೂ ಬೇಡ, ಕರೆಂಟ್‌ಗೆ ಅಂತ ಚರ್ಮದ ಮೇಲೆ ಹಾಕಿದ ಗುರುತು ಉಜ್ಜಬೇಡಿ.

ತುಮಕೂರು: ಮಾವನಿಗೆ ಕರೆಂಟ್ ನಡೀತಿದೆ. ನಾನು ಐದು ತಿಂಗಳ ಗರ್ಭಿಣಿ. ಅವರು ಬಂದ ತಕ್ಷಣ ಅತ್ತೆ ನನ್ನ ತವರಿಗೆ ಕಳಿಸ್ತೀನಿ ಅಂತಿದಾರೆ.

ವೈದ್ಯೆ: ತವರಿಗೆ ಹೋಗುವ ಆಸೆ ಇದ್ದರೆ ಇದೇ ನೆಪದಲ್ಲಿ ಹೋಗಿ ಬನ್ನಿ! ಹೊರಗಿನ ಮಷೀನಿನಿಂದ ಕೊಡುವ ವಿಕಿರಣ ಸ್ವಿಚ್ ಆರಿಸಿದ ಬಲ್ಬಿನ ಬೆಳಕಿನ ಹಾಗೆ, ಮೈಯಲ್ಲಿ ಉಳಿಯುವುದಿಲ್ಲ. ಒಂದೇ ತಟ್ಟೆ, ಒಂದೇ ಬಚ್ಚಲು, ಏನೂ ತೊಂದರೆ ಇಲ್ಲ. ಥೈರಾಯ್ಡ್‌ಗೆ ಕುಡಿಸುವ ಅಯೋಡಿನ್ ಬೇರೆ. ಅದರಲ್ಲಿ ಕೆಲವು ದಿನ ಗರ್ಭಿಣಿಯರು, ಮಕ್ಕಳು ದೂರ ಇರಲೇಬೇಕು.

ಹಾಸನ: ಕೋಬಾಲ್ಟ್ ಮಷೀನ್ ಹಳೇದು, ಲಿನ್ಯಾಕ್ ಇರೋ ಕಡೆಗೇ ಹೋಗಿ ಅಂತಾರೆ. ನಿಜಾನಾ?

ವೈದ್ಯೆ: ಎರಡೂ ಹೊರಗಿನಿಂದ ಕಿರಣ ಬಿಡುವ ಮಷೀನ್‌ಗಳೇ. ಕೋಬಾಲ್ಟ್‌ನಲ್ಲಿ ಕಿರಣ ಬರುವುದು ಒಳಗಿಟ್ಟ ವಿಕಿರಣಶೀಲ ಲೋಹದಿಂದ, ಲಿನ್ಯಾಕ್‌ನಲ್ಲಿ ವಿದ್ಯುತ್ತಿನಿಂದ. ಯಾವುದು ಬೇಕು ಅನ್ನುವುದು ಯಾವ ಜಾಗದ ಕ್ಯಾನ್ಸರ್ ಅನ್ನುವುದರ ಮೇಲೆ. ಬಾಯಿ-ಗಂಟಲಿಗೆ ಲಿನ್ಯಾಕ್‌ನಲ್ಲಿ ಐಎಂಆರ್‌ಟಿ (ಕಿರಣದ ಬಲವನ್ನು ಜಾಗಕ್ಕೆ ತಕ್ಕಂತೆ ಹೆಚ್ಚು-ಕಡಿಮೆ ಮಾಡುವ ವಿಧಾನ) ಮಾಡಿದರೆ ಜೊಲ್ಲುಗ್ರಂಥಿಯನ್ನು ಉಳಿಸಬಹುದು, ದಾವಣಗೆರೆಯವರ ನೀರಿನ ಬಾಟ್ಲಿ ಚಿಕ್ಕದಾಗುತ್ತೆ. ಕ್ಯಾನ್ಸರ್ ಮೂಳೆಗೆ ಹರಡಿ ಬರುವ ನೋವಿಗೆ ಒಂದೇ ಸಲ 8 ಗ್ರೇ ಕೊಡುವುದಕ್ಕೆ ಕೋಬಾಲ್ಟ್ ಧಾರಾಳ ಸಾಕು. ಅಂದಹಾಗೆ, ಕೋಬಾಲ್ಟ್ ಐದೂಕಾಲು ವರ್ಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತೆ. ಮೂಲ ಹಳೆಯದಾದ ಹಾಗೆ ಅದೇ ಡೋಸ್‌ಗೆ ಹೆಚ್ಚು ನಿಮಿಷ ಮಲಗಬೇಕು. ಪಕ್ಕದ ಬೆಡ್ಡಿನವರಿಗಿಂತ ನನಗೆ ಜಾಸ್ತಿ ಹೊತ್ತು ಯಾಕೆ ಅಂತ ಜಗಳ ಬರುವುದು ಇದಕ್ಕೂ ಹೌದು. ಆದರೆ ಲಿನ್ಯಾಕ್‌ಗೆ ಮೂರು ತಿಂಗಳು ಕಾಯಿರಿ ಅಂದರೆ, ನಾಳೆ ಸಿಗುವ ಕೋಬಾಲ್ಟೇ ಮೇಲು.

ಶಿರಸಿ: ಎಲ್ಲದಕ್ಕೂ ಕಡೆಗೆ ಅಡಿಕೆ ಮೇಲೆ ಹಾಕ್ತೀರಿ ನೀವು ಡಾಕ್ಟರುಗಳು. ನಮ್ಮಜ್ಜ ತೊಂಬತ್ತರವರೆಗೆ ಕವಳ (ಎಲೆಅಡಿಕೆ) ಹಾಕಿದ.

ವೈದ್ಯೆ: ಇಷ್ಟು ಹೊತ್ತು ನಾನು ಅಡಿಕೆ ಸುದ್ದಿಯನ್ನೇ ಎತ್ತಿರಲಿಲ್ಲ! ನೀವೇ ತೆಗೆದಿರಿ, ಹಾಗಾದರೆ ಕೇಳಿ. ನಮ್ಮನೆಯದೂ ತೋಟವೇ, ನನ್ನ ಎಂಬಿಬಿಎಸ್ ಫೀಸು ಕಟ್ಟಿದ್ದು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದುಡ್ಡಿನಲ್ಲಿ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಜ್ಜ ಬದುಕಿದರು, ಸಂತೋಷ. ಬದುಕದವರ ಮೊಮ್ಮಕ್ಕಳು ನನ್ನ ಒಪಿಡಿಯಲ್ಲಿ ಕೂತಿರುತ್ತಾರೆ. ಬೆಲೆಯ ಜಗಳಕ್ಕೆ ಬೇರೆ ದಿನ ಇಟ್ಟುಕೊಳ್ಳೋಣ.

ಊರೂ ಬೇಡ: ಗರ್ಭಕೋಶದ ಬಾಯಿಯ ಕ್ಯಾನ್ಸರ್. ಹೊರಗಿನ ಕರೆಂಟ್ 25 ಮುಗಿಯಿತು, ರಕ್ತ ಹೋಗುವುದು ನಿಂತಿದೆ. ಈಗ ಒಳಗಿನ ಕರೆಂಟ್ ಅಂತಾರೆ. ಕೇಳಿದರೇ ನಾಚಿಕೆ, ಭಯ. ಮನೆಯವರು, ಹುಷಾರಾಗಿದೆಯಲ್ಲ ಬೇಡ ಅನ್ನುತ್ತಾರೆ.

ವೈದ್ಯೆ: ಅಮ್ಮಾ, ರಕ್ತ ನಿಂತದ್ದು ಒಳ್ಳೆಯ ಲಕ್ಷಣ, ಆದರೆ ಕೆಲಸ ಅರ್ಧ ಆಗಿದೆ. ಹೊರಗಿನಿಂದ ಇನ್ನೂ ಹೆಚ್ಚು ಕೊಟ್ಟರೆ ಮೂತ್ರಕೋಶ, ಕರುಳು ತಡೆಯುವುದಿಲ್ಲ. ಅದಕ್ಕೇ ಗಡ್ಡೆಯ ಪಕ್ಕಕ್ಕೇ ಕೊಳವೆ ಇಟ್ಟು, ತಂತಿಯ ತುದಿಯಲ್ಲಿರುವ ಅಕ್ಕಿಕಾಳಿನಷ್ಟು ಚಿಕ್ಕ ಇರಿಡಿಯಂ ಮೂಲವನ್ನು ಕೆಲವು ನಿಮಿಷ ಒಳಗೆ ಕಳಿಸಿ ವಾಪಸ್ ಎಳೆದುಕೊಳ್ಳುತ್ತೇವೆ. ಇದನ್ನು ಬಿಟ್ಟವರಲ್ಲಿ ರೋಗ ಮರಳುವುದು ಬಹಳ ಹೆಚ್ಚು. ಹೊರಗಿನದು, ಒಳಗಿನದು ಎರಡೂ ಸೇರಿ ಎಂಟು ವಾರದೊಳಗೆ ಮುಗಿಯಬೇಕು, ಹಾಗಾಗಿ ಯೋಚನೆಗೆ ಹೆಚ್ಚು ದಿನ ಇಲ್ಲ. ಬೆನ್ನಿಗೆ ಇಂಜೆಕ್ಷನ್ ಅಥವಾ ಮಂಪರು ಕೊಡುವಿರಾ ಅಂತ ಮೊದಲೇ ಕೇಳಿ. ಹೆಂಗಸರೇ ಇರಲಿ ಅಂತಲೂ ಕೇಳಬಹುದು, ಅದರಲ್ಲಿ ಸಂಕೋಚ ಬೇಡ.

ಮಂಡ್ಯ: ಅಕ್ಕಾ, ನಂಗೆ ಮೂರು ಸಲ ಆಯ್ತು. ಮೊದಲ್ನೇ ಸಲ ರಾತ್ರಿಯೆಲ್ಲ ಅತ್ತಿದ್ದೆ. ಕಾಲು ಆಡಿಸ್ದೆ ಮಲ್ಗೋದೇ ಕಷ್ಟ, ಕರೆಂಟ್ ಕೊಟ್ಟಿದ್ದೇ ಗೊತ್ತಾಗಲ್ಲ. ಆಮೇಲೆ ಒಳಗೆ ಅಂಟ್ಕೊಳ್ದೆ ಇರೋಕೆ ಒಂದು ಕಡ್ಡಿ ಥರದ್ದು ಕೊಟ್ಟು ವಾರಕ್ಕೆ ಮೂರು ದಿನ ಹಾಕ್ಕೊಳ್ಳಿ ಅಂದ್ರು. ನಾಚ್ಕೆ ಅಂತ ನಾನು ಅಟ್ಟದ ಮೇಲೆ ಎಸ್ದೆ. ಈಗ ಚೆಕಪ್ಪಿಗೆ ಹೋದಾಗೆಲ್ಲ ಜೀವ ಹೋಗುತ್ತೆ. ನೀವು ಎಸೀಬೇಡಿ. ಬೇಕಾದ್ರೆ ಅಡ್ಮಿನ್ ಹತ್ರ ನನ್ ನಂಬರ್ ಇಸ್ಕೊಳಿ, ನಾನೇ ಮಾತಾಡ್ತೀನಿ.

ಹಾವೇರಿ (ಮಂಗಳವಾರ ಸಂಜೆ): ಮೇಡಂ, ನಿನ್ನೆ ಹತ್ತೊಂಬತ್ತು, ಇವತ್ತ ಇಪ್ಪತ್ತು ಆತ್ರಿ. ಬಾಯಾಗ ಫಂಗಸ್ಸನ ಇತ್ತಂತ, ಗುಳಿಗಿ ಕೊಟ್ಟಾರ. ಮಾಸ್ಕ್ ಹೊಸಾದು ಮಾಡ್ಯಾರ. ಪೈಪೂ ಹಾಕಸ್ಕೊಂಡ, ಮಾತಾಡವಲ್ಲ, ಎಲ್ಲಾ ಪಾಟಿ ಮ್ಯಾಲೆ ಬರದು ತೋರಸಾಕತ್ತಾನ. ಈಗ ಬರದಾನ, "ಇದರಾಗ ಚಾ ಹಾಕಬಹುದೇನು ಕೇಳು" ಅಂತ.

ವೈದ್ಯೆ: ಹಾಕಬಹುದು. ಆರಿಸಿ, ಸೋಸಿ, ಆಮೇಲೆ ನೀರು ಬಿಡಿ. ರುಚಿ ಗೊತ್ತಾಗಲ್ಲ ಅಂತ ಮಾತ್ರ ಮೊದಲೇ ಹೇಳಿಬಿಡಿ.