ಹೆಣ್ಣುತೋಳ ಮತ್ತು ಎರಡು ನಕ್ಷತ್ರಗಳಿರುವ ರೋಮನ್ ಕಂಚಿನ ನಾಣ್ಯ: ಅರ್ಥವೇನು?

ಪ್ರಶ್ನೆ

ಜರ್ಮನಿಯಲ್ಲಿ ನೆಲೆಸಿರುವ ನಾನು ಕಳೆದ ತಿಂಗಳು ಸುಮಾರು 17 ಮಿ.ಮೀ. ಅಗಲದ ರೋಮನ್ ಕಂಚಿನ ನಾಣ್ಯವೊಂದನ್ನು ಕೊಂಡೆ. ಅದರ ಒಂದು ಮುಖದಲ್ಲಿ ಶಿರಸ್ತ್ರಾಣ ಧರಿಸಿದ ಸ್ತ್ರೀಯೂ ‘ಉರ್ಬ್ಸ್ ರೋಮಾ’ ಎಂಬ ಬರಹವೂ ಇವೆ. ಇನ್ನೊಂದು ಮುಖದಲ್ಲಿ ಇಬ್ಬರು ಶಿಶುಗಳಿಗೆ ಹಾಲೂಡುವ ಹೆಣ್ಣುತೋಳ, ಮೇಲೆ ಎರಡು ನಕ್ಷತ್ರಗಳು, ಕೆಳಗೆ ಟಿ, ಆರ್, ಪಿ ಎಂಬ ಅಕ್ಷರಗಳಿವೆ. ಚಕ್ರವರ್ತಿಯ ಮುಖವೇಕೆ ಇಲ್ಲ? ಅಂಚಿನಲ್ಲಿ ಉದುರುತ್ತಿರುವ ತಿಳಿಹಸಿರು ಪುಡಿಯನ್ನು ಹಿತ್ತಾಳೆ ಪಾತ್ರೆ ಬೆಳಗುವಂತೆ ಹುಣಸೆಹಣ್ಣಿನಿಂದ ತಿಕ್ಕಬಹುದೇ?

ಉತ್ತರ 1

ಟಿ, ಆರ್ ಎಂದರೆ ಇಂದಿನ ಜರ್ಮನಿಯ ಟ್ರಿಯರ್ ನಗರದ ಟಂಕಸಾಲೆ; ಪಿ ಎಂದರೆ ಅಲ್ಲಿನ ಮೊದಲನೆಯ ಕಾರ್ಯಾಗಾರ. ಎರಡನೆಯದಾಗಿದ್ದರೆ ಎಸ್ ಇರುತ್ತಿತ್ತು. ಕಾನ್‌ಸ್ಟಂಟೈನ್ ಚಕ್ರವರ್ತಿಯು ಕ್ರಿ.ಶ. 330ರ ಮೇ 11ರಂದು ಕಾನ್‌ಸ್ಟಾಂಟಿನೋಪಲ್ ನಗರವನ್ನು ವಿಧಿವತ್ತಾಗಿ ಉದ್ಘಾಟಿಸಿದ ಕಾಲದಲ್ಲಿ ಎರಡು ಬಗೆಯ ಜೋಡಿ ನಾಣ್ಯಗಳನ್ನು ಹೊರಡಿಸಲಾಯಿತು. ಹಳೆಯ ರಾಜಧಾನಿ ರೋಮ್‌ಗೆ, ಅದನ್ನು ಕಟ್ಟಿದರೆಂದು ಪುರಾಣ ಹೇಳುವ ಅವಳಿಗಳಾದ ರೊಮುಲಸ್ ಮತ್ತು ರೀಮಸ್‌ರನ್ನು ಸಾಕಿದ ತೋಳವೂ, ಹೊಸದಕ್ಕೆ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆಯೂ ಲಾಂಛನಗಳಾದವು. ‘ಉರ್ಬ್ಸ್ ರೋಮಾ’ ಎಂದರೆ ರೋಮ್ ನಗರ; ಇಲ್ಲಿ ಗೌರವ ಸಲ್ಲುವುದು ನಗರಕ್ಕೆ. ಶಿರಸ್ತ್ರಾಣ ಧರಿಸಿದಾಕೆ ರೋಮ್ ನಗರದ ಸ್ತ್ರೀರೂಪವಾದ್ದರಿಂದ ಚಕ್ರವರ್ತಿಯ ಮುಖಕ್ಕೆ ಸ್ಥಳವಿಲ್ಲ. ಕ್ರೈಸ್ತರಿಗೆ ಒಲಿದ ದೊರೆಯ ನಾಣ್ಯದಲ್ಲಿ ಈ ಪುರಾಣಕಥೆ ಉಳಿದದ್ದು ಕೆಲವರಿಗೆ ವಿಚಿತ್ರವಾಗಿ ಕಾಣುತ್ತದೆ. ನನಗೆ ಹಾಗೆನಿಸದು, ತೋಳವು ಅಷ್ಟು ಹೊತ್ತಿಗೆ ಪೂಜೆಗಿಂತ ಊರಿನ ಗುರುತಾಗಿತ್ತು.

ಉತ್ತರ 2

ನಕ್ಷತ್ರಗಳನ್ನು ಅನೇಕರು ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವರೊಂದಿಗೆ ಜೋಡಿಸುತ್ತಾರೆ. ಅವಳಿಗಳ ಚಿತ್ರದ ಮೇಲೆ ಅವಳಿ ನಕ್ಷತ್ರಗಳಿರುವುದು ಹೊಂದುತ್ತದೆಯಾದರೂ ಅದನ್ನು ತೀರ್ಮಾನವೆಂದು ಬರೆದಿಡಬೇಡಿ.

ಹುಣಸೆಹಣ್ಣನ್ನಂತೂ ದಯವಿಟ್ಟು ಮುಟ್ಟಿಸಬೇಡಿ. ಅದರ ಹುಳಿಯು ಶತಮಾನಗಳಲ್ಲಿ ಕಟ್ಟಿದ ಹೊರಪದರವನ್ನು ತಿಂದು, ಗೆರೆಗಳನ್ನೂ ಅಕ್ಷರಗಳನ್ನೂ ಅಳಿಸುತ್ತದೆ. ಗಟ್ಟಿಯಾದ ನಯವಾದ ಹಸಿರಿನಿಂದ ಅಪಾಯವಿಲ್ಲ. ಉದುರುವ ಪುಡಿಯಾದರೋ ಲೋಹದೊಳಗಿನ ಕ್ಲೋರೈಡ್ ಲವಣಗಳು ತೇವಾಂಶದೊಂದಿಗೆ ವರ್ತಿಸಿ ಉಂಟುಮಾಡುವ ರೋಗ. ಪುಡಿಯನ್ನು ಮರದ ಕಡ್ಡಿಯಿಂದ ಮೆಲ್ಲನೆ ಕೆರೆದು, ಬಟ್ಟಿ ಇಳಿಸಿದ ನೀರಿನಲ್ಲಿ, ನೀರನ್ನು ಬದಲಿಸುತ್ತಾ ಹಲವು ದಿನ ನೆನೆಸಿ, ಪೂರ್ತಿ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿಡಿ. ಅಲ್ಲಿಯವರೆಗೆ ಬೇರೆ ನಾಣ್ಯಗಳಿಂದ ದೂರವಿಡಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ತೂಕ ಎರಡೂವರೆ ಗ್ರಾಂ ಬಂದಿದೆ; ಇದರಿಂದ ಕಾಲವನ್ನು ಇನ್ನಷ್ಟು ನಿಖರಗೊಳಿಸಲಾದೀತೇ?

ಉತ್ತರ 1

335ರ ಸುಮಾರಿಗೆ ಈ ನಾಣ್ಯಗಳ ತೂಕವನ್ನು ಇಳಿಸಲಾಯಿತು. ಎರಡೂವರೆ ಗ್ರಾಂ ಇಳಿಕೆಗೆ ಮುಂಚಿನ ತೂಕಕ್ಕೆ ಹೊಂದುವುದರಿಂದ ನಿಮ್ಮದು 330ರಿಂದ 335ರೊಳಗಿನದಾಗಿರುವ ಸಂಭವವೇ ಹೆಚ್ಚು. ಆದರೆ ಒಂದೇ ನಾಣ್ಯದ ತೂಕವನ್ನು ಪೂರ್ತಿ ನಂಬುವಂತಿಲ್ಲ. ಅಕ್ಷರಗಳ ಸುತ್ತ ಬೇರೆ ಚಿಹ್ನೆಗಳೇನಾದರೂ ಇವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ ತಿಳಿಸಿ.