ಬ್ರೋಷರ್ ಮಡಿಚಿದಲ್ಲಿ ಬಣ್ಣ ಒಡೆಯುತ್ತಿದೆ, ಖರ್ಚೂ ಜಾಸ್ತಿ. ಏನು ಮಾಡಲಿ?

ಮಿಡಿಮನೆ, ಸಾಗರ:
ಎಲ್ಲರಿಗೂ ನಮಸ್ಕಾರ. ಜೋಗದ ರಸ್ತೆಯಲ್ಲಿ ನಮ್ಮ ಮನೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಮಳೆಗಾಲದಲ್ಲಿ ಜಲಪಾತಕ್ಕೆ ಬರುವವರ ಕೈಗೆ ಕೊಡಲು ಮೂರು ಭಾಗವಾಗಿ ಮಡಿಚುವ ಎ4 ಬ್ರೋಷರ್ 20 ಮಾಡಿಸಿದೆ. 170 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಆರ್ಟ್ ಪೇಪರ್, ಎರಡೂ ಬದಿ ಕಲರ್. ಮಡಿಚಿದಲ್ಲಿ ಹಸಿರು ಒಡೆದು ಬಿಳಿ ಗೆರೆ ಬಂದಿದೆ. ‘ಅಪ್ಪೆಮಿಡಿ’ಯ ಒತ್ತು ಪಕ್ಕಕ್ಕೆ ಸರಿದು ಓದೋಕೇ ಆಗಲ್ಲ. ಇನ್ನೂ 300 ಬೇಕು. ಆಫ್‌ಸೆಟ್ ಅಗ್ಗವಾ?

ಹಳೇ ಪ್ರೆಸ್ಸಿನವ, ಶಿವಮೊಗ್ಗ:
ಅಕ್ಕಾ, 300ಕ್ಕೆ ಆಫ್‌ಸೆಟ್ ಬೇಡ. ಅದರಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಪ್ಲೇಟ್ (ಅಚ್ಚಿನ ತಗಡು) ಮಾಡಿಸಬೇಕು. ಆ ಖರ್ಚು 300 ಪ್ರತಿಗೂ ಅಷ್ಟೇ, 3,000ಕ್ಕೂ ಅಷ್ಟೇ. ಪ್ಲೇಟ್ ಬೇಡದ ಡಿಜಿಟಲ್ಲೇ ಸರಿ. ದರ ಹೇಳಿದ್ದು ಹಾಳೆಗಾ, ಬ್ರೋಷರಿಗಾ?

ಮಿಡಿಮನೆ, ಸಾಗರ:
ಹಾಳೆಗೆ. 13×19 ಇಂಚಿನದು. ಒಂದರಲ್ಲಿ ಒಂದೇ ಬ್ರೋಷರ್ ಇತ್ತು. ಉಳಿದಿದ್ದನ್ನು ಕತ್ತರಿಸಿ ತೆಗೆದರು.

ಹಳೇ ಪ್ರೆಸ್ಸಿನವ, ಶಿವಮೊಗ್ಗ:
ದುಡ್ಡು ಹೋಗಿದ್ದು ಅಲ್ಲೇ! ಆ ಹಾಳೆಯಲ್ಲಿ ಎರಡು ಎ4 ಆರಾಮಾಗಿ ಕೂರುತ್ತವೆ. ಅಷ್ಟಕ್ಕೇ ಪ್ರಿಂಟಿನ ಖರ್ಚು ಅರ್ಧ ಆಯಿತು.

ಆದರೆ ನನ್ನನ್ನು ಕೇಳಿದರೆ ಮಡಿಕೆಯೇ ಬೇಡ. ನೀವು ಮಾರುವುದು ಎರಡು ಪದಾರ್ಥ, ಅದಕ್ಕೆ ಆರು ಪುಟ ಯಾಕೆ? 99×210 ಮಿ.ಮೀ. ಅಳತೆಯ ಉದ್ದನೆ ಚೀಟಿ ಮಾಡಿ. ಒಂದು ಬದಿ ಮಿಡಿಯ ಫೋಟೊ, ಇನ್ನೊಂದು ಬದಿ ದರ, ಫೋನ್, ಮನೆಗೆ ಬರುವ ದಾರಿ. ಹಾಳೆಗೆ ಆರು ಬರುತ್ತವೆ. 300ಕ್ಕೆ 50 ಹಾಳೆ ಸಾಕು. ಅಂಚಿನವರೆಗೆ ಬಣ್ಣ ಇದ್ದರೆ ಆ ಬಣ್ಣವನ್ನು ಸುತ್ತ 3 ಮಿ.ಮೀ. ಹೊರಗೆ ಚಾಚಿ, ಕಟಿಂಗ್‌ನಲ್ಲಿ ಬಿಳಿ ಅಂಚು ಉಳಿಯಲ್ಲ.

ಮಡಿಕೆ ಬೇಕೇ ಬೇಕು ಅಂದರೆ 130 ಜಿಎಸ್‌ಎಂ ಹಾಕಿಸಿ, ಮಡಿಚುವ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆಯನ್ನು ಒತ್ತಿ ಗುರುತು ಮಾಡುವುದು) ಮಾಡಿಸಿ. ಒಳಗೆ ಹೋಗುವ ಭಾಗ 97 ಮಿ.ಮೀ., ಉಳಿದೆರಡು 100. ಮೂರೂ ಒಂದೇ ಅಳತೆ ಆದರೆ ಒಳಭಾಗ ಮುದುರಿಕೊಳ್ಳುತ್ತದೆ. ಮಡಿಚುವ ಗೆರೆಯ ಮೇಲೆ ಗಾಢ ಬಣ್ಣ ಹಾಕಬೇಡಿ.

ಒತ್ತಕ್ಷರದ್ದು ಬಹುಶಃ ಹೀಗಾಗಿರಬೇಕು. ನೀವು ಮೊಬೈಲಿನಲ್ಲಿ ಬರೆದದ್ದು ಯೂನಿಕೋಡ್, ಅಂದರೆ ಈಗ ಮೊಬೈಲ್, ಇಂಟರ್ನೆಟ್‌ನಲ್ಲೆಲ್ಲ ಬಳಸುವ ಅಕ್ಷರ ಸಂಕೇತ. ಡಿಟಿಪಿ ಅಂಗಡಿಯ ಹಳೇ ಸಾಫ್ಟ್‌ವೇರಿಗೆ ಅದರ ಒತ್ತು ಜೋಡಿಸೋಕೆ ಬರಲ್ಲ. ಅವರ ಹತ್ತಿರ ಅದನ್ನು ನುಡಿಗೆ (ಡಿಟಿಪಿಯವರು ಬಳಸುವ ಕನ್ನಡ ಫಾಂಟ್) ಬದಲಾಯಿಸಿಕೊಳ್ಳಿ, ಇಲ್ಲವೇ ಫಾಂಟ್ ಒಳಗೇ ಸೇರಿದ ಪಿಡಿಎಫ್ ನೀವೇ ಮಾಡಿ ಕೊಡಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಮಸುಕಾಗುತ್ತದೆ.

ಕುಶಾವತಿ, ತೀರ್ಥಹಳ್ಳಿ:
ಒಂದು ಮಾತು ಸೇರಿಸುತ್ತೇನೆ. ಉಳಿತಾಯ ಅಂತ ಮನೆಯ ಇಂಕ್‌ಜೆಟ್‌ನಲ್ಲಿ ತೆಗೆಯಬೇಡಿ. ನಮ್ಮ ಜೇನಿನ ಚೀಟಿ ಹಾಗೇ ಮಾಡಿದ್ದೆವು. ಆಷಾಢದ ಮಳೆಯಲ್ಲಿ ಒದ್ದೆ ಕೈ ತಾಗಿದ್ದೇ ಅಕ್ಷರ ಹರಡಿತು. ಲೇಸರ್ ಪ್ರಿಂಟಿಗೆ ಹಾಗಾಗಲ್ಲ. ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ, ಇಲ್ಲದಿದ್ದರೆ ತೇವಕ್ಕೆ ಹಾಳೆ ಸುರುಳಿ ಸುತ್ತುತ್ತದೆ.

ಮಿಡಿಮನೆ, ಸಾಗರ:
ಇವತ್ತು ಒಂದೇ ಹಾಳೆ ತೆಗೆಸಿ ನೋಡಿದೆ. ಆರು ಚೀಟಿ, ಒತ್ತು ಸರಿಯಾಗಿದೆ. ದರದಲ್ಲಿ ಒಂದು ಸೊನ್ನೆ ಬಿಟ್ಟಿದ್ದು ಅದರಲ್ಲೇ ಕಣ್ಣಿಗೆ ಬಿತ್ತು. ಸರಿ ಮಾಡಿ 50 ಹಾಳೆಗೆ ಹೇಳಿ ಬಂದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.